ಕತ್ತರಿ ಅಡಗಿಸಿದ ಉತ್ತರ

ಹಾಸಿಗೆ ಕಾರ್ಖಾನೆಯಲ್ಲಿ ಎಲ್ಲರೂ ಅವನನ್ನು ಕತ್ತರಿ ಎನ್ನುತ್ತಿದ್ದರು. ಬಟ್ಟೆ ಕತ್ತರಿಸುವ ಕೆಲಸವಂತೂ ಅವನದಲ್ಲ. ಕೊಟ್ಟರೂ ಸೊಟ್ಟಗೆ ಕತ್ತರಿಸುತ್ತಿದ್ದ. ಕೆಲಸಗಾರರು ಕಂಪನಿಯ ಜಾಲತಾಣದ ಪುಟಕ್ಕೆ ಬರೆದುಕೊಟ್ಟದ್ದನ್ನು ಮೊದಲು ಓದಿ, ಅಪಾಯದ ಮಾತು ತೆಗೆಯುವುದು ಅವನ ಉದ್ಯೋಗ. ಅವನ ಕಣ್ಣಿಗೆ ಅಪಾಯವಿಲ್ಲದ ಮಾತೇ ಇರಲಿಲ್ಲ. ಗೋದಾಮಿನ ಕಾವಲುಗಾರ ಹಾಸಿಗೆಯ ಮೇಲೆ ಮಲಗಿದ ಬೆಕ್ಕಿನ ಚಿತ್ರ ಕೊಟ್ಟಾಗ, ಅದರ ಕೆಳಗೂ ‘ಇದು ವೈಯಕ್ತಿಕ ಅಭಿಪ್ರಾಯ, ಕಂಪನಿ ಹೊಣೆಯಲ್ಲ’ ಎಂದು ಸೇರಿಸಿದ್ದ. ಅಭಿಪ್ರಾಯ ಬೆಕ್ಕಿನದೋ ಕಾವಲುಗಾರನದೋ ಎಂದು ಊಟದ ಕೋಣೆಯಲ್ಲಿ ವಾರವಿಡೀ ನಗು.

ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಅಮ್ಮ ಮಾತ್ರ ಆಗಿದೆಯೆಂದು ಚಿಕ್ಕಮ್ಮನಿಗೆ ಹೇಳಿ ಬಂದಿದ್ದಳು. ಚಿಕ್ಕಮ್ಮನಿಗೆ ಹೇಳುವುದೂ ಒಂದೇ, ಡಂಗುರ ಹೊಡೆಸುವುದೂ ಒಂದೇ.

ಅಂಥ ಹೊತ್ತಿನಲ್ಲಿ ಕಾರ್ಖಾನೆಯ ಯಜಮಾನಿಯವರು ಅವನನ್ನು ಕರೆದು, ಎಲ್ಲರ ಬರಹವೂ ಒಂದೇ ಅಚ್ಚಿನಲ್ಲಿ ತೆಗೆದಂತಿದೆ, ಇನ್ನು ಮೇಲೆ ಅವರೇ ನೇರವಾಗಿ ಬರೆಯಲಿ ಎಂದರು.

“ಅಷ್ಟು ದೊಡ್ಡ ಯಂತ್ರಾನೇ ನಂಬಿ ಅವರ ಕೈಗೆ ಕೊಟ್ಟಿದ್ದೀನಿ. ಮಾತು ನಂಬಿ ಕೊಡೋಕಾಗಲ್ವಾ?”

“ಏನಾದ್ರೂ ಎಡವಟ್ಟಾದ್ರೆ, ಮೇಡಂ?”

“ಆದಾಗ ನೋಡೋಣ.”

ಆ ‘ನೋಡೋಣ’ವನ್ನೂ ಅವನು ಮನಸ್ಸಿನಲ್ಲೇ ಅಪಾಯದ ಮಾತುಗಳ ಸಾಲಿಗೆ ಸೇರಿಸಿಕೊಂಡ.

ಮರುದಿನವೇ ಗಿರಾಕಿಯೊಬ್ಬರು ಪುಟದಲ್ಲಿ ದೂರಿದರು: ಹೊಸ ಹಾಸಿಗೆಯ ನಡು ಕುಸಿದಿದೆ, ಜೊತೆಗೆ ತಮ್ಮ ನಡುವೂ. ಕತ್ತರಿ ‘ನಿಮ್ಮ ಕಾಳಜಿಗೆ ಧನ್ಯವಾದ’ ಎಂದು ಒತ್ತುವಷ್ಟರಲ್ಲಿ ಹೊಲಿಗೆ ವಿಭಾಗದ ಅಕ್ಕ ಉತ್ತರಿಸಿಯೇ ಬಿಟ್ಟಿದ್ದಳು. ಹೌದು, ಒಳಪದರ ಜಾರದಂತೆ ಹಾಕುವ ಹೊಲಿಗೆ ಆ ಸಲ ತಯಾರಾದ ಕೆಲವು ಹಾಸಿಗೆಗಳಲ್ಲಿ ಸಡಿಲವಾಗಿತ್ತು. ವಿಳಾಸ ಕೊಡಿ, ತಂದು ಹೊಲಿದುಕೊಡುತ್ತೇವೆ.

ಕತ್ತರಿ ಎದ್ದವನೇ ಹೊಲಿಗೆ ವಿಭಾಗಕ್ಕೆ ಓಡಿದ.

“ಅಕ್ಕಾ, ಅದನ್ನ ತೆಗೆದುಬಿಡಿ. ನನ್ನ ಕೆಲಸ ಹೋಗುತ್ತೆ.”

ಅಕ್ಕ ಪೆಡಲಿನಿಂದ ಕಾಲು ತೆಗೆಯಲಿಲ್ಲ. “ತೆಗೆದ್ರೆ ಹಾಸಿಗೆ ನೆಟ್ಟಗಾಗುತ್ತೇನೋ?”

ಅವನು ಮೇಜಿಗೆ ಮರಳಿ, ಪುಟ ನೋಡಿಕೊಳ್ಳುವವನಿಗಿದ್ದ ಅಧಿಕಾರದಿಂದ ಆ ಉತ್ತರವನ್ನು ಅಡಗಿಸಿದ. ಒಂದು ಲೋಟ ನೀರು ಕುಡಿಯುವಷ್ಟು ಹೊತ್ತು ನೆಮ್ಮದಿ. ಗಿರಾಕಿ ಮೊದಲೇ ಆ ಉತ್ತರದ ಚಿತ್ರ ತೆಗೆದಿಟ್ಟುಕೊಂಡಿದ್ದರು. ಅದನ್ನೇ ಹಾಕಿ, ಇಷ್ಟು ನೇರವಾಗಿ ಮಾತಾಡಿದವರ ಬಾಯಿ ಮುಚ್ಚಿಸಿದ್ದು ಯಾರು ಎಂದು ಕೇಳಿದರು. ಅದರಡಿ ಕಂಡುಕೇಳರಿಯದವರೆಲ್ಲ ತಂತಮ್ಮ ಹಾಸಿಗೆಯ ಬಗ್ಗೆ ಅನುಮಾನಪಡತೊಡಗಿದರು. ಅವನು ಪುಟವನ್ನು ಮತ್ತೆ ಮತ್ತೆ ತೆರೆದು ನೋಡಿದ, ಕೆರೆದು ಹುಣ್ಣು ಮಾಡಿಕೊಳ್ಳುವವನಂತೆ.

ಯಜಮಾನಿಯವರೇ ಮೇಜಿನ ಬಳಿ ಬಂದಾಗ ಚಾರ್ಜರ್ ಸುತ್ತಿ ಚೀಲಕ್ಕೆ ಹಾಕಿಕೊಂಡಿದ್ದ. ಅಡಗಿಸಿದ್ದು ಯಾರೆಂದು ಕೇಳಿದರು. ನಾನೇ ಎಂದ.

“ಅವಳನ್ನ ನಂಬಿದ್ದು ಸರಿಹೋಯ್ತು. ಎಡವಟ್ಟಾಗಿದ್ದು ನಿನ್ನ ಕಡೆಯಿಂದ. ವಾಪಸ್ ಹಾಕು. ಯಾಕೆ ತೆಗೆದೆ ಅಂತ ನಿನ್ನ ಹೆಸರಲ್ಲೇ ಬರಿ.”

“ಬರೆದು ನಿಮಗೆ ತೋರಿಸ್ಲಾ?”

“ಬೇಡ.”

ಇತರರ ಪುಟಗಟ್ಟಲೆ ಮಾತನ್ನು ಚಕಚಕನೆ ಕತ್ತರಿಸುತ್ತಿದ್ದವನಿಗೆ ಎರಡು ಸಾಲು ಬರೆಯಲು ಮಧ್ಯಾಹ್ನವೆಲ್ಲ ಬೇಕಾಯಿತು: ‘ಅಡಗಿಸಿದವನು ನಾನು, ಹೆದರಿಕೆಯಿಂದ. ಅಕ್ಕ ಹೇಳಿದ್ದು ನಿಜ.’ ಗಿರಾಕಿಯ ಉತ್ತರ ಚುಟುಕಾಗಿತ್ತು. ಸಂಜೆ ಬನ್ನಿ, ಮನೆ ಮೂರನೇ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ.

ಹೊರುವವರು ಸಾಲದೆಂದು ಅಕ್ಕನ ಜೊತೆ ಅವನನ್ನೂ ಕಳಿಸಿದರು. ಮೆಟ್ಟಿಲಿಳಿಯುವಾಗ ಹಾಸಿಗೆಯ ಮುಂದಿನ ತುದಿ ಹಿಡಿದಿದ್ದ ಅಕ್ಕನ ಮುಖವೂ ಅವನಿಗೆ ಕಾಣುತ್ತಿರಲಿಲ್ಲ.

“ಅಕ್ಕಾ, ಖಾಯಂ ಮಾಡೋ ವಿಷಯ ಮೇಡಂ ಏನಾದ್ರೂ ಅಂದ್ರಾ?”

“ಮೊದ್ಲು ತಿರುವು ನೋಡ್ಕೊಂಡು ಇಳಿ,” ಎಂದಳು ಅಕ್ಕ.