ಬಲೂನಿನ ಸಂಗಮ್ಮ

ಭಾಲ್ಕಿಯಿಂದ ಸೊಸೆಯಾಗಿ ಸಂಭಾಜಿನಗರಕ್ಕೆ ಬಂದ ಸಂಗಮ್ಮ ಇಪ್ಪತ್ತೆರಡು ವರ್ಷಗಳಿಂದ ಹವಾಮಾನ ಕೇಂದ್ರವೊಂದರಲ್ಲಿ ಬಲೂನು ಹಾರಿಸುತ್ತಾಳೆ. ಮಕ್ಕಳಾಟದ ಬಲೂನಲ್ಲ, ಆಳೆತ್ತರ ಉಬ್ಬುವ ಬಿಳಿ ಬಲೂನು. ಕೆಳಗೆ ಕಟ್ಟಿದ ಪುಟ್ಟ ಡಬ್ಬಿ ಮೂವತ್ತು ಕಿಲೋಮೀಟರ್ ಏರುವ ತನಕ ಅಲ್ಲಲ್ಲಿಯ ತಾಪಮಾನ ಹೇಳುತ್ತಲೇ ಇರುತ್ತದೆ. ಗ್ಯಾಸ್ ಸಾಕೋ ಬೇಕೋ ಎಂಬುದು ಬಲೂನಿನ ಕುತ್ತಿಗೆ ಹಿಡಿದರೆ ಅವಳಿಗೆ ಗೊತ್ತು. "ನಂದು ತಪ್ಪಂಗಿಲ್ರಿ" ಅನ್ನುವುದು ಅವಳ ದಿನದ ಮಾತು. ಜಂಬವೇ ಅನ್ನಿ. ಕೆಲಸ ಬಲ್ಲವರಿಗೆ ಅಷ್ಟು ಇರಬೇಕು.

ಕಳೆದ ದಸರೆಗೆ ಮೊದಲು ಹೊಸ ಯಂತ್ರ ಬಂತು. ನೆಲದಲ್ಲೇ ಕೂತು, ನೆತ್ತಿಯ ತೆಳು ಹೊದಿಕೆಯೊಳಗಿಂದ ಆಕಾಶ ನೋಡಿ ಮೇಲಿನ ತಾಪಮಾನ ಅಳೆಯುವಂಥದು. ದಿಂಡೋರಿಯ ದ್ರಾಕ್ಷಿ ಬೆಳೆಗಾರರಿಗೆ ಚಳಿಯ ಮುನ್ಸೂಚನೆ ಕೊಡಲೆಂದು ನಾಸಿಕದ ಕಚೇರಿ ತರಿಸಿ, ಬಲೂನಿರುವ ಈ ಕೇಂದ್ರದಲ್ಲೇ ಕೂರಿಸಿದ್ದು. ಹದಿನೈದು ದಿನ ಎರಡನ್ನೂ ಹೋಲಿಸಿ, ಯಂತ್ರ ಪಾಸಾದರೆ ಬಲೂನು ಬಂದ್. ಸಂಗಮ್ಮನ ಕೆಲಸವೂ ಬಂದ್.

ದಸರೆ ಮುಗಿದದ್ದೇ ಲೆಕ್ಕ ತಪ್ಪಿತು. ಒಂದು ಕಿಲೋಮೀಟರ್ ಎತ್ತರದಲ್ಲಿ ಬಲೂನು ಇಪ್ಪತ್ತೊಂದು ಡಿಗ್ರಿ ಅಂದರೆ ಯಂತ್ರ ಇಪ್ಪತ್ತೈದು ಅನ್ನುತ್ತಿತ್ತು. ನಾಸಿಕದಿಂದ ಎಂಜಿನಿಯರ್ ಉತ್ಕರ್ಷ ಓಡಿಬಂದ. ಕಲಬುರಗಿ ಮನೆತನದವನಾದರೂ ಹುಟ್ಟಿ ಬೆಳೆದದ್ದೆಲ್ಲ ನಾಸಿಕದಲ್ಲೇ; ಅವನ ಕನ್ನಡದಲ್ಲಿ ಅರ್ಧ ಮರಾಠಿ.

"ಮಾವಶಿ, ಮಶೀನ್ ಏಕದಮ್ ಹೊಸಾದು ಅದ. ಬಲೂನದಾಗೇ ಕಾಹೀತರಿ ಗಡಬಡ ಅದ."

"ನಂದು ತಪ್ಪಂಗಿಲ್ರಿ ಸಾಹೇಬ್ರ!"

ಅವನು ಚಹಾಕ್ಕೆ ಹೋದಾಗ ಸಂಗಮ್ಮ ಸ್ಟೂಲು ಹತ್ತಿ ಯಂತ್ರದ ನೆತ್ತಿ ನೋಡಿದಳು.  ಹೊದಿಕೆಯ ತುಂಬ ಕುಂಕುಮ. ಅದರ ಮೇಲೆ ಒಣಗಿದ ತೆಂಗಿನ ನೀರಿನ ಅಂಟು, ಅಂಟಿನ ಮೇಲೆ ಬೆಳಗಿನ ಇಬ್ಬನಿ. ಆಕಾಶ ನೋಡಬೇಕಾದ ಯಂತ್ರ ಈ ಒದ್ದೆ ಹೊದಿಕೆಯನ್ನೇ ನೋಡುತ್ತಿತ್ತು. ಮಹಾನವಮಿಯಂದು ಆಯುಧಗಳಿಗೆ ಮಾಡುವ ಖಂಡೆ ಪೂಜೆಯಲ್ಲಿ ಗ್ಯಾಸ್ ಸಿಲಿಂಡರು, ನಟ್ಟು ಬಿಗಿಯುವ ಪಾನಾಗಳ ಜೊತೆ ಹೊಸದಕ್ಕೂ ತಾನೇ ಪೂಜೆ ಮಾಡಿದ್ದು! ಮನೆಗೆ ಬಂದ ಹೊಸ ಸೊಸೆಗೆ ಕುಂಕುಮ ಹಚ್ಚದೆ ಬಿಡುತ್ತಾರೆಯೇ?

ಸುಮ್ಮನಿದ್ದರೆ ಯಂತ್ರ ನಾಪಾಸು, ಬಲೂನು ಉಳಿದಂತೆ. ಆ ಆಸೆ ಅವಳಿಗೆ ಬರಲಿಲ್ಲ ಎಂದರೆ ಸುಳ್ಳಾದೀತು. ಆದರೆ ಇಪ್ಪತ್ತೆರಡು ವರ್ಷ ಸರಿಯಾದ ಅಂಕಿಯನ್ನೇ ಕೊಟ್ಟವಳಿಗೆ ತಪ್ಪು ಅಂಕಿ ಗಂಟಲಲ್ಲಿ ಇಳಿಯಲಿಲ್ಲ.

"ಸಾಹೇಬ್ರ, ತಪ್ಪು ನಂದೇ ಅದರಿ. ಪೂಜಿಗಿ ಕುಂಕುಮ ಹಚ್ಚಿ, ಕಾಯಿ ಒಡದು ನೀರು ಚಿಮಕ್ಸೀನಿ."

ಉತ್ಕರ್ಷ ತಲೆ ಮೇಲೆ ಕೈ ಹೊತ್ತು ಕೂತ. ಇಬ್ಬರೂ ಸೇರಿ ಒರೆಸಿದರು. ಮರುದಿನ ಬೆಳಿಗ್ಗೆ ಬಲೂನಿಗೂ ಯಂತ್ರಕ್ಕೂ ಅರ್ಧ ಡಿಗ್ರಿಯಷ್ಟೇ ವ್ಯತ್ಯಾಸ. ಅವನು ಯಂತ್ರ ಪಾಸೆಂದು ವರದಿ ಬರೆಯತೊಡಗಿದ.

"ಬರಕೋರಿ," ಎಂದಳು ಸಂಗಮ್ಮ. "ಆದ್ರ ಒಂದ್ ಮಾತು ಹೇಳ್ರಿ. ಬಲೂನು ಹಾರಿರಲಿಲ್ಲಂದ್ರ ನನ್ನ ಕುಂಕುಮ ಯಾರಿಗಿ ಗೊತ್ತಾಗ್ತಿತ್ತು?"

 ಉತ್ಕರ್ಷ ವರದಿಗೆ ಇನ್ನೊಂದು ಸಾಲು ಸೇರಿಸಿದ: ಯಂತ್ರದ ಪರೀಕ್ಷೆಗಾಗಿ ದಿನವೂ ಒಂದು ಬಲೂನು ಹಾರಿಸತಕ್ಕದ್ದು.

ಈ ವರ್ಷದ ಖಂಡೆ ಪೂಜೆಯಲ್ಲೂ ಸಂಗಮ್ಮ ಯಂತ್ರಕ್ಕೆ ಕುಂಕುಮ ಹಚ್ಚಿದಳು. ನೆತ್ತಿಗಲ್ಲ, ಕಾಲಿಗೆ.