ಹುಚ್ಚಕ್ಕನ ಬಾಯಲ್ಲಿ ಬಾರದ ಹೆಸರು

ಚಳ್ಳಕೆರೆ, ಮೊಳಕಾಲ್ಮೂರು ಎರಡೂ ತಾಲ್ಲೂಕು ಜರಡಿ ಹಿಡಿದರೂ ನನ್ನ ಹೆಸರಿನಷ್ಟು ಶುದ್ಧವಾದ ಹೆಸರು ಇನ್ನೊಂದು ಸಿಗುವುದಿಲ್ಲ. ಬಸ್ ಕಂಡಕ್ಟರಾಗಿ ಆಯುಷ್ಯ ಸವೆಸಿದವನು ನಾನು. ಚಿಲ್ಲರೆಗಾಗಿ ಆಡಿದ ಜಗಳಗಳನ್ನು ಸಾಲಾಗಿ ನಿಲ್ಲಿಸಿದರೆ ತಳಕಿನಿಂದ ಬಳ್ಳಾರಿ ಮುಟ್ಟಿ, ಉಳಿದವು ಗುಂತಕಲ್ಲಿನ ಕಡೆ ತಿರುಗುತ್ತವೆ. ಆದರೂ ಹನುಮಂತರಾಯ ಬಿನ್ ಅಜ್ಜಪ್ಪ ಎಂಬ ಹೆಸರು ಒಂದೇ ಒಂದು ಪೊಲೀಸ್ ಕಾಗದದ ಮೇಲೆ ಕೂತಿಲ್ಲ. ಸ್ಟೇಷನ್ನಿನ ಮಸಿ ಕೂಡ ನನ್ನ ಹೆಸರು ಬರೆಯಬೇಕೆಂದರೆ ನಾಚಿಕೊಂಡು ಪೆನ್ನಿನೊಳಗೆ ವಾಪಸು ಹೋಗುತ್ತದೆ.

ಇದನ್ನು ನಾನು ತಳಕಿನ ಬಸ್‌ಸ್ಟ್ಯಾಂಡಿನಲ್ಲಿ, ಹುಚ್ಚಕ್ಕನ ಮಂಡಕ್ಕಿ ಅಂಗಡಿಯ ಬೆಂಚಿನ ಮೇಲೆ ಕೂತು ದಿನಾ ಹೇಳುತ್ತಿದ್ದೆ. ಅವಳು ಮೆಣಸಿನಕಾಯಿ ಬಜ್ಜಿ ತಿರುವಿಹಾಕುತ್ತಾ ದಿನಾ "ಹೂಂ" ಅನ್ನುತ್ತಿದ್ದಳು. ಆ "ಹೂಂ" ಒಳಗೆ ಎಷ್ಟು ಖಾರ ಇತ್ತೆಂಬುದು ಆಮೇಲೆ ಗೊತ್ತಾಯಿತು.

ಹುಚ್ಚಕ್ಕನಿಗೆ ಹುಚ್ಚು ಇದ್ದದ್ದು ಹೆಸರಿನಲ್ಲಿ ಮಾತ್ರ. ಅವಳಿಗಿಂತ ಮೊದಲು ಹುಟ್ಟಿದ ಕೂಸುಗಳು ಉಳಿಯಲಿಲ್ಲವೆಂದು, ಯಮನಿಗೂ ಬೇಡವಾಗಲಿ ಅಂತ ಅವರವ್ವ ಇಟ್ಟ ಹೆಸರು ಅದು. ಯಮ ಮೋಸ ಹೋದ. ಹುಚ್ಚಕ್ಕ ಬೆಳೆದಳು, ಮದುವೆಯಾದಳು, ಒಬ್ಬ ಮಗಳನ್ನು ಹೆತ್ತಳು, ಆ ಮಗಳು ಬೇಗ ತೀರಿಹೋದಾಗ ಮೊಮ್ಮಗಳು ತೇಜಶ್ರೀಯನ್ನು ಬಜ್ಜಿಯ ಎಣ್ಣೆ ಹೊಗೆಯಲ್ಲೇ ಓದಿಸಿದಳು. ಆ ಹುಡುಗಿ ಈಗ ಪೊಲೀಸ್ ಕಾನ್‌ಸ್ಟೇಬಲ್ ಕೆಲಸಕ್ಕೆ ಆಯ್ಕೆಯಾಗಿ, ದುರ್ಗದ ಹಾಸ್ಟೆಲ್ಲಿನಲ್ಲಿದ್ದುಕೊಂಡು ಆರ್ಡರಿಗೆ ಕಾಯುತ್ತಿದ್ದಳು.

ಹುಚ್ಚಕ್ಕನ ಗಂಡ ಪೆದ್ದಣ್ಣ ದೇವರ ದನ, ಅಂದರೆ ದೇವರಿಗೆಂದು ಬಿಟ್ಟ ದನ ಕಾಯುವವನು. ಬರಿಗಾಲು, ಹೆಗಲ ಮೇಲೊಂದು ಕರಿ ಕಂಬಳಿ. ಕಂಬಳಿ ಇಲ್ಲದಿದ್ದರೆ ಅವನಿಗೆ ನಿದ್ದೆ ಬಾರದು. ಬೇಸಿಗೆಯಲ್ಲಿ ತಳಕಿನ ಬಂಡೆಗಳು ಬೆವರುವಾಗಲೂ ಅವನು ಕಂಬಳಿ ಹೊದ್ದೇ ಮಲಗುತ್ತಿದ್ದ. ಅವರ ಪೈಕಿಯವರು ಕೋಳಿ ತಿನ್ನುವುದಿಲ್ಲ, ಹೊಸ್ತಿಲು ದಾಟಿಸುವುದೂ ಇಲ್ಲ. ಪಕ್ಕದ ಅಂಗಡಿಯವನು ಮೊಟ್ಟೆ ಬೋಂಡಾ ಶುರುಮಾಡಿದ ದಿನವೇ ಹುಚ್ಚಕ್ಕ ತನ್ನ ಬೆಂಚನ್ನು ಬೇವಿನ ಮರದ ಆಚೆಗೆ ಎಳೆದುಕೊಂಡಳು. ಬೆಂಚಿನ ಮೇಲೆ ನಾನು ಕೂತಿದ್ದೆ. ನನ್ನನ್ನೂ ಸೇರಿಸಿಯೇ ಎಳೆದಳು.

ಇನ್ನೊಂದು ಕಟ್ಟುಪಾಡು ಅವಳದೇ. ಗಂಡನ ಹೆಸರು ಬಾಯಲ್ಲಿ ಹೇಳುವುದಿಲ್ಲ. ಆ ಕಾಲದ ಹೆಂಗಸರು ಯಾರೂ ಹೇಳುವುದಿಲ್ಲ, ಆದರೆ ಹುಚ್ಚಕ್ಕ ಹೆಸರಿನ ನೆರಳನ್ನೂ ತುಳಿಯುತ್ತಿರಲಿಲ್ಲ. ನಮ್ಮ ರೂಟಿನಲ್ಲಿ ಪೆದ್ದೇನಹಳ್ಳಿ ಅಂತೊಂದು ಸ್ಟಾಪು. ಬಸ್ಸು ಹತ್ತಿ "ಅದೇ, ಇವರ ಊರು ಕೊಡು" ಅನ್ನುತ್ತಿದ್ದಳು.

"ಯಾವೂರಕ್ಕ?"

"ಗೊತ್ತಿದ್ದೂ ಕೇಳ್ತೀಯಲ್ಲ, ನಿನ್ನ ಬಾಯಿಗೆ ಬಜ್ಜಿ ಹಾಕ!"

ಮತದಾರರ ಪಟ್ಟಿ ಬರೆಯುವ ಮೇಷ್ಟ್ರು ಅವಳ ಅಂಗಡಿ ಮುಂದೆ ಹೆಸರು ಊಹಿಸುತ್ತಾ ಕೂತು ತಲೆಗೂದಲು ಬೆಳ್ಳಗಾಗಿ, ಅಲ್ಲೇ ರಿಟೈರ್ ಆದರೆಂದು ನಾನು ಹೇಳುವುದುಂಟು. ಸ್ವಲ್ಪ ಕಡಿಮೆ ಮಾಡಿ ನಂಬಿ.

ಒಂದು ಮಧ್ಯಾಹ್ನ ಕುರಿ ಕಾಯುವ ಚಿಕ್ಕೀರಪ್ಪ ಓಡಿಬಂದ. ಆಂಧ್ರದ ಗಡಿಯವನು, ಗಾಬರಿಯಾದರೆ ತೆಲುಗು ಬರುತ್ತದೆ.

"ಅಕ್ಕಾ, ಜೀಪ್‌ಲೋ ಎಕ್ಕಿಂಚ್ಕೊನಿ ಪೋಯಿನಾರು! ತಾತನ್ನ ಪೊಲೀಸರು ಜೀಪಿಗೆ ಹತ್ತಿಸ್ಕಂಡು ಹೋದ್ರು!"

ಆಗಿದ್ದು ಇಷ್ಟು. ಕರೆಂಟಿನ ಗಾಳಿಕಂಬ ನೆಡುವ ಕಂಪನಿಯೊಂದು ದನದ ದಾರಿಗೆ ಅಡ್ಡ ತಂತಿ ಬೇಲಿ ಹಾಕಿತ್ತು. ಬೇಲಿಯಾಚೆ ಗೋಕಟ್ಟೆ, ಈಚೆ ಬಾಯಾರಿದ ದೇವರ ದನ. ಪೆದ್ದಣ್ಣ ತಂತಿ ಕತ್ತರಿಸಿದ. ದನಗಳು ನೀರು ಕುಡಿದು ಮುಗಿಸುವವರೆಗೂ ಓಡಿಹೋಗದೆ ಅಲ್ಲೇ ನಿಂತಿದ್ದ. ಹಿಡಿಯಲು ಬಂದವರಿಗೂ "ತಡೀರಿ, ಆ ಕೆಂದ ಹೋರಿ ಇನ್ನೂ ಕುಡೀತೈತೆ" ಅಂದನಂತೆ.

ಹುಚ್ಚಕ್ಕ ಒಲೆಗೆ ನೀರು ಸುರಿದಳು. ಮನೆಗೆ ಹೋಗಿ ಬಂದವಳ ಕಂಕುಳಲ್ಲಿ ಆ ಕಂಬಳಿ. ದನದ ಹಿಂದೆ ಹೋಗುವಾಗ ಅಂದು ಬಿಟ್ಟು ಹೋಗಿದ್ದನಂತೆ.

"ಹನುಮಂತ, ಎಲ್ಲಿ ಇಟ್ಟವ್ರೆ ಅಂತ ಹುಡುಕಿಕೊಡು. ಇದನ್ನ ಕೊಡ್ಬೇಕು. ಅವ್ರು ಮಲಗಲ್ಲ."

"ಅಷ್ಟೇ ತಾನೆ? ಎಲೆ ಅಡಿಕೆ ಉಗುಳುವಷ್ಟರಲ್ಲಿ ಹುಡುಕ್ತೀನಿ" ಅಂದೆ.

ಎಲೆ ಅಡಿಕೆಯನ್ನು ಬಹಳ ಸಲ ಉಗುಳಬೇಕಾಯಿತು. ಆ ಬೇಲಿ ಇರುವ ಜಾಗ ಒಂದು ಕಾಲು ಚಳ್ಳಕೆರೆ ತಾಲ್ಲೂಕಿನಲ್ಲಿ, ಇನ್ನೊಂದು ಕಾಲು ಮೊಳಕಾಲ್ಮೂರಿನಲ್ಲಿ ಇಟ್ಟುಕೊಂಡು ನಿಂತಿದೆ. ಒಂದು ಸ್ಟೇಷನ್ನಿನಲ್ಲಿ ಕೇಳಿದರು: "ಹೆಸರೇನಮ್ಮ?" ಹುಚ್ಚಕ್ಕ ನನ್ನ ಮುಖ ನೋಡಿದಳು. ನಾನು ಹೇಳಿದೆ. ಆ ಹೆಸರಿನವರು ನಮ್ಮಲ್ಲಿಲ್ಲ ಅಂದರು. ಇನ್ನೊಂದರಲ್ಲೂ ಅದೇ. ಯಾರೂ ಗದರಲಿಲ್ಲ, ಪಾಪ. ಒಬ್ಬರು ಅವಳಿಗೆ ಕುರ್ಚಿ ಕೊಟ್ಟು ನೀರು ಕೊಟ್ಟರು. ಆದರೆ ಪೆದ್ದಣ್ಣ ಮಾತ್ರ ಯಾವ ಕಾಗದದಲ್ಲೂ ಇಲ್ಲ. ಅವಳು ರಾತ್ರಿ ಹೇಗೆ ಕಳೆದಳೋ, ಬೆಳಿಗ್ಗೆ ಬಂದಾಗ ಕಂಬಳಿ ಮಡಚಿದ ಮಡಿಕೆಯಲ್ಲೇ ಇತ್ತು, ಕಣ್ಣು ಮಾತ್ರ ಕೆಂಪಗಿದ್ದವು.

"ಏನಾದ್ರೂ ಮಾಡಿಬಿಟ್ಟಿದ್ರೆ?" ಅಂದಳು. ಅಷ್ಟೇ. ನಾನು ಮೊದಲ ಸಲ ಜೋಕು ಹುಡುಕಿದೆ, ಸಿಗಲಿಲ್ಲ.

ಇನ್ನೂ ಒಂದು ದಿನ ಹೀಗೇ ಅಲೆದ ಮೇಲೆ, ಹಿಡಿದವರ ಹೆಸರು ವಿಳಾಸವನ್ನು ಎಲ್ಲರೂ ನೋಡುವ ಹಾಗೆ ಬೋರ್ಡಿಗೆ ಹಾಕಬೇಕು, ಕಂಪ್ಯೂಟರಿನಲ್ಲೂ ಸಿಗುತ್ತದೆ ಎಂದು ಯಾರೋ ಹೇಳಿದರು. ಚಳ್ಳಕೆರೆಯ ಮುರುಗೇಶನ ಜೆರಾಕ್ಸ್ ಅಂಗಡಿಗೆ ಹೋದೆವು. ಅವನು ಕನ್ನಡಕ ಏರಿಸಿ ಟಪಟಪ ಬಡಿದ. ಪೆದ್ದಣ್ಣ ಅಂತ ಹಾಕಿದ, ಇಲ್ಲ. ಊರಿನ ಹೆಸರು ಹಾಕಿದ. ಪರದೆಯ ಮೇಲೆ ಸಾಲು ಸಾಲು ಹೆಸರು ಸರಿದವು. ಒಂದು ಕಡೆ ನಿಂತ. ನನ್ನನ್ನು ನೋಡಿದ. ಪರದೆ ನೋಡಿದ. ಮತ್ತೆ ನನ್ನನ್ನು ನೋಡಿದ.

"ತಾತ, ನಿಮ್ಮಪ್ಪನ ಹೆಸರೇನು?"

"ಅಜ್ಜಪ್ಪ. ಯಾಕಪ್ಪ?"

"ತಪ್ಪು ತಿಳೀಬೇಡ್ರಿ. ನೀವು ಒಳಗಿದ್ದೀರಿ."

ಹನುಮಂತರಾಯ ಬಿನ್ ಅಜ್ಜಪ್ಪ, ತಳಕು. ತಂತಿ ಬೇಲಿ ಕತ್ತರಿಸಿದ ಆರೋಪ. ದುರ್ಗದ ಜೈಲು. ಇಡೀ ಲೋಕ ನೋಡುವ ಹಾಗೆ. ಅಮೆರಿಕದವನೂ, ಆಫ್ರಿಕದವನೂ, ನನ್ನ ಹತ್ತಿರ ಚಿಲ್ಲರೆ ಬಿಟ್ಟುಹೋದ ಪ್ರತಿ ಪ್ರಯಾಣಿಕನೂ ನೋಡಬಹುದು. ನಾನು ಒಂದು ಕ್ಷಣ ನನ್ನ ಕೈ ಮುಟ್ಟಿ ನೋಡಿಕೊಂಡೆ, ಬೇಡಿ ಇದೆಯೇನೋ ಅಂತ.

"ನನ್ನ ಮೇಲೆ ಯಾರೋ ಪಿತೂರಿ ಮಾಡವ್ರೆ! ಕೇಸ್ ಹಾಕ್ತೀನಿ! ಬೆಂಗಳೂರಿಗೆ ಹೋಗ್ತೀನಿ! ಡೆಲ್ಲಿಗೆ ಹೋಗ್ತೀನಿ!"

"ಮೊದಲು ದುರ್ಗಕ್ಕೆ ಹೋಗಾನ ಬಾ" ಅಂದಳು ಹುಚ್ಚಕ್ಕ. ಅವಳ ಮುಖದ ಮೇಲೆ ಆಗಲೇ ಏನೋ ಬೆಳಗಿತ್ತು.

ಜೈಲಿನ ಕಿಟಕಿಯಲ್ಲಿ ಕೂತಿದ್ದ ಪೇದೆಗೆ ನನ್ನ ಆಧಾರ್ ಕಾರ್ಡು ಕೊಟ್ಟೆ. ಅವನು ಓದಿ, ಒಳಗಿನ ಹೆಸರಿಗೆ ತಾಳೆ ನೋಡಿ, ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿದ.

"ಏನಜ್ಜ, ನಿಮ್ಮನ್ನ ನೀವೇ ನೋಡಾಕೆ ಬಂದೀರಾ?"

ಹುಚ್ಚಕ್ಕ ನನ್ನನ್ನು ಪಕ್ಕಕ್ಕೆ ತಳ್ಳಿದಳು. "ಯಪ್ಪಾ, ಒಂದು ಮಾತು ಹೇಳು. ಒಳಗಿರೋ ಆ ಮುದುಕ ಕೋಳಿ ತಿಂತಾನಾ?"

ಪೇದೆ ನಕ್ಕುಬಿಟ್ಟ. "ಅಯ್ಯೋ, ಆ ತಾತನ ಕತೆ ಕೇಳ್ಬೇಡಮ್ಮ! ನಿನ್ನೆ ಕೋಳಿ ಸಾರು. ಪಂಕ್ತಿಯಿಂದ ಎದ್ದುಹೋಗಿ, ಗೋಡೆ ಕಡೆ ಮುಖ ಮಾಡ್ಕಂಡು ಬರೇ ಮುದ್ದೆ, ಉಪ್ಪು, ಮೆಣಸಿನಕಾಯಿ ತಿಂದ."

"ಹಂಗಾದ್ರೆ ಅದು ನೀನಲ್ಲ" ಅಂದಳು ನನಗೆ. ನನ್ನ ದೆಸೆಯಿಂದ ತಳಕಿನಲ್ಲಿ ಕೋಳಿಗಳು ಬೆಳಗಾಯಿತೆಂದು ಕೂಗಲೂ ಹೆದರುತ್ತವೆಂದು ಅವಳಿಗೆ ಗೊತ್ತು. ಅಷ್ಟು ಹೇಳಿ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತು, ಕಂಬಳಿಗೆ ಮುಖ ಒತ್ತಿಕೊಂಡಳು. ಪೇದೆ ಗಾಬರಿಯಾದ. ನಾನು ಆಕಾಶದಲ್ಲಿ ಹದ್ದು ಹುಡುಕಿದೆ.

"ಯಾರನ್ನ ನೋಡ್ಬೇಕು, ಹೆಸರು ಹೇಳಮ್ಮ. ಬರ್ಕೋಬೇಕು" ಅಂದ ಪೇದೆ, ಮೆತ್ತಗೆ.

ಆಗ ಹುಚ್ಚಕ್ಕ ಎದ್ದು ಕಣ್ಣೊರೆಸಿಕೊಂಡು, ಇಡೀ ದುರ್ಗದ ಕೋಟೆಗೆ ಕೇಳುವಂತೆ ಕೂಗಿದಳು: "ಹನುಮಂತರಾಯ!"

"ಅಕ್ಕಾ, ಗಂಡನ ಹೆಸರು ಅಷ್ಟು ಜೋರಾಗಿ ಹೇಳ್ತೀಯಲ್ಲ" ಅಂದೆ.

"ಇದು ನಿನ್ನ ಹೆಸರು. ಕೂಗಿದ್ರೆ ಏನ್ ಸವೀತದೆ?"

ಜಾಲರಿಯಾಚೆ ಪೆದ್ದಣ್ಣ ಬಂದು ನಿಂತ. ಹೆಗಲು ಬರಿದಾಗಿದ್ದರಿಂದ ಯಾರೋ ರೆಕ್ಕೆ ಕಿತ್ತ ಹಾಗೆ ಕಾಣುತ್ತಿದ್ದ. ಹೆಂಡತಿಯನ್ನು ನೋಡಿ ಮೊದಲು ಕೇಳಿದ್ದು, "ಕೆಂದ ಮನೆಗೆ ಬಂತಾ?" ಬಂತು ಅಂದಳು. ಆಮೇಲೆ ನನ್ನ ಕಡೆ ನೋಡದೆಯೇ ಹೇಳಿದ.

"ಹುಡುಗಿ ಪೊಲೀಸ್ ಆಗ್ತಾಳೆ. ತಾತನ ಹೆಸರು ಈ ಪಟ್ಟೀಲಿ ಬಂದ್ರೆ ಅವಳನ್ನ ತಗಂತಾರಾ? ಅದಕ್ಕೇ ನನ್ನ ಹೆಸರು ಹೇಳಲಿಲ್ಲ."

"ಲೇ, ಲೋಕದಾಗೆ ಇಷ್ಟು ಹೆಸರವೆ. ನಂದೇ ಯಾಕಲೇ?"

"ಹೆದರಿಕೆ ಆಗಿತ್ತು ಕಣೋ. ಸಾಹೇಬ್ರು ಹೆಸರೇನು ಅಂದ್ರು. ಬಾಯಿಗೆ ನೀನೇ ಬಂದೆ."

ನಾನು ಡೆಲ್ಲಿಗೆ ಹೋಗುವುದನ್ನು ಮುಂದೂಡಿದೆ.

ಮೊಳಕಾಲ್ಮೂರಿನ ವಕೀಲೆ ಜ್ಯೋತಿಲಕ್ಷ್ಮಿ ಎಲ್ಲ ಕೇಳಿ ತಲೆ ಮೇಲೆ ಕೈಹೊತ್ತಳು. "ಹುಡುಗಿಯ ಮೇಲೆ ಕೇಸಿದೆಯಾ ಅಂತ ನೋಡ್ತಾರೆ ಕಣಮ್ಮ, ತಾತ ಬೇಲಿ ಕತ್ತರಿಸಿದ್ನಾ ಅಂತಲ್ಲ. ಬೇಲಿ ಕೇಸಿಗೆ ಇವತ್ತೇ ಜಾಮೀನು ಸಿಗ್ತಿತ್ತು. ಸುಳ್ಳು ಹೆಸರಿನ ಮೇಲೆ ಮಾತ್ರ ಯಾವ ಕೋರ್ಟೂ ಬಿಡಲ್ಲ. ನಾಳೆ ಅವರನ್ನ ಇಲ್ಲಿನ ಕೋರ್ಟಿಗೆ ಕರ್ಕೊಂಡು ಬರ್ತಾರೆ. ಮನೆಯವರು ಜಡ್ಜ್ ಸಾಹೇಬ್ರ ಮುಂದೆ ನಿಜವಾದ ಹೆಸರು ಹೇಳ್ಬೇಕು."

"ಹನುಮಂತ ಹೇಳ್ತಾನೆ" ಅಂದಳು ಹುಚ್ಚಕ್ಕ.

"ಅವರ ಹೆಸರೇ ಗಲಾಟೆಯಾಗಿರೋದು. ನೀವೇ ಹೇಳ್ಬೇಕು. ಬಾಯಿಬಿಟ್ಟು."

ಹುಚ್ಚಕ್ಕ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಳು. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂದು ಅವರವ್ವ ಹೇಳಿಕೊಟ್ಟಿದ್ದಳು. ಹೆಸರು ಕೆಟ್ಟದ್ದಿಟ್ಟು ಮಗಳನ್ನು ಯಮನಿಂದ ಉಳಿಸಿಕೊಂಡ ತಾಯಿಯ ಮಾತನ್ನು ಮಗಳು ಹೇಗೆ ಮೀರುವುದು? ಬಸ್ಸಿನಲ್ಲಿ ವಾಪಸು ಬರುವಾಗ ಪೆದ್ದೇನಹಳ್ಳಿ ಸ್ಟಾಪು ಬಂತು. ಕಂಡಕ್ಟರ್ ಹುಡುಗ ಕೂಗಿದ. ಅವಳು ಬೆಚ್ಚಿಬಿದ್ದಳು. ಆ ದಿನ ನಾನು ಛೇಡಿಸಲಿಲ್ಲ.

ಮರುದಿನ ಕೋರ್ಟು. ಪೆದ್ದಣ್ಣ ಕಟಕಟೆಯಲ್ಲಿ, ನಾನು ಹಿಂದಿನ ಬೆಂಚಿನಲ್ಲಿ, ಹುಚ್ಚಕ್ಕ ನಡುವೆ ಕಂಬಳಿ ಅವುಚಿಕೊಂಡು. ನ್ಯಾಯಾಧೀಶರು ಚಿಕ್ಕ ವಯಸ್ಸಿನವರು, ದನಿ ಮೆದು.

"ಇವರು ನಿಮಗೆ ಏನಾಗ್ಬೇಕಮ್ಮ?"

"ನಮ್ಮ ಹುಡುಗಿ ತಾತ."

"ಅಂದರೆ ನಿಮ್ಮ ಗಂಡ. ಹೆಸರು?"

ಫ್ಯಾನಿನ ಸದ್ದು. ಗುಮಾಸ್ತನ ಪೆನ್ನು ಕಾಯುತ್ತಿತ್ತು. ಹುಚ್ಚಕ್ಕನ ತುಟಿ ಅಲುಗಿತು, ದನಿ ಬರಲಿಲ್ಲ. ಜ್ಯೋತಿಲಕ್ಷ್ಮಿ ಏನೋ ಹೇಳಲು ಎದ್ದಳು, ನ್ಯಾಯಾಧೀಶರು ಕೈಯಿಂದಲೇ ಕೂರಿಸಿದರು. ಕಾದರು. ಆ ಮೌನ ಎಷ್ಟು ಉದ್ದವಿತ್ತೆಂದರೆ, ಅದರಲ್ಲಿ ಒಂದು ಸೀರೆ ನೇಯ್ದು ಮುಗಿಸಬಹುದಿತ್ತು, ಎರಡೂ ಕಡೆ ಅಂಚು ಸಮೇತ.

ಆಮೇಲೆ ಅವಳು ನ್ಯಾಯಾಧೀಶರಿಗೆ ಬೆನ್ನು ಮಾಡಿ, ಕಟಕಟೆಯ ಕಡೆ ತಿರುಗಿದಳು. ಅವನೊಬ್ಬನೇ ಅಲ್ಲಿ ಇದ್ದಾನೆಂಬಂತೆ, ಮೆಲ್ಲಗೆ ಕರೆದಳು.

"ಪೆದ್ದಣ್ಣಾ... ಮನೆಗೆ ಬಾ."

ಪೆದ್ದಣ್ಣ ತಲೆ ಎತ್ತಿದ. ಇಷ್ಟು ವರ್ಷದಲ್ಲಿ ಅವನು ಆ ದನಿಯಲ್ಲಿ ಆ ಹೆಸರು ಕೇಳಿದ್ದು ಅದೇ ಮೊದಲು. ಅವನು ಕಟಕಟೆಯ ಕಂಬಿ ಹಿಡಿದುಕೊಂಡು, ದನ ಕಾಯುವ ಮುದುಕ, ಹೊಸ ಮದುವಣಿಗನ ಹಾಗೆ ನಾಚಿದ. "ಬಂದೆ" ಅಂದ.

ನ್ಯಾಯಾಧೀಶರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಆಮೇಲೆ ಪೆದ್ದಣ್ಣನನ್ನು ಗದರಬೇಕಾದಷ್ಟು ಗದರಿ, ಹೆಸರು ತಿದ್ದಲು ಹೇಳಿ, ಜಾಮೀನು ಕೊಟ್ಟರು. ಜಾಮೀನಿಗೆ ಸಹಿ ಹಾಕಿದವನು ನಾನೇ. ಹನುಮಂತರಾಯನಾಗಿದ್ದ ಪೆದ್ದಣ್ಣನಿಗೆ ಹನುಮಂತರಾಯ ಜಾಮೀನು ಎಂದು ಓದುವಾಗ ಗುಮಾಸ್ತ ಎರಡು ಸಲ ತಡವರಿಸಿ ನೀರು ಕುಡಿದ.

ಸಂಜೆಯ ಬಸ್ಸಿನಲ್ಲಿ ಪೆದ್ದಣ್ಣ ಕಿಟಕಿ ಪಕ್ಕ ಕೂತು, ಕಂಬಳಿ ಹೊದ್ದು, ಮೊಳಕಾಲ್ಮೂರು ದಾಟುವ ಮೊದಲೇ ನಿದ್ದೆ ಹೋದ. ತಲೆ ಹೆಂಡತಿಯ ಭುಜದ ಮೇಲೆ ಬಿತ್ತು. ಅವಳು ಸರಿಸಲಿಲ್ಲ. ಉಸಿರು ಬರುತ್ತಿದೆಯೇ ಎಂದು ಆಗಾಗ ಅವನ ಮೂಗಿನ ಹತ್ತಿರ ಬೆರಳು ಹಿಡಿಯುತ್ತಿದ್ದಳು.

"ಏನೂ ಆಗಲ್ಲ ಬಿಡಕ್ಕ" ಅಂದೆ. "ನೀನು ಕರೆದ ರೀತಿಗೆ ಅವನ ಆಯುಷ್ಯ ಹೆಚ್ಚೇ ಆಗಿರ್ತದೆ. ಹೋಗಿದ್ದು ನಂದು. ಇಷ್ಟು ವರ್ಷ ಕಾಪಾಡ್ಕಂಡು ಬಂದ ಹೆಸರು ಜೈಲು ಕಂಡುಬಂತಲ್ಲ!"

ಹುಚ್ಚಕ್ಕ ಗಂಡನ ಭುಜದ ಮೇಲೆ ಕಂಬಳಿ ಎಳೆದು ಸರಿಮಾಡಿದಳು.

"ಅಳಬೇಡ ಸುಮ್ನಿರು. ನೀನು ನನ್ನ ಬೆಂಚಿನ ಮೇಲೆ ಕುಂತು ಬಜ್ಜಿ ತಿಂತಿದ್ದಾಗ, ಅವ್ರ ಜೊತೆ ಒಳಗೆ ಹೋಗಿ ಇದ್ದು ಬಂದದ್ದು ಅದೊಂದೇ. ನಿನಗಿಂತ ನಿನ್ನ ಹೆಸರೇ ವಾಸಿ."