ಬಾತುಕೋಳಿ ಕೆತ್ತುತ್ತಿದ್ದವನ ಉಳಿ

ಕೊಲಂಬಿಯಾ ಊರಿನ ಕನ್ನಡದವರಲ್ಲಿ ಐತಪ್ಪನವರಂಥ ಹಟವಾದಿ ಇನ್ನೊಬ್ಬರಿರಲಿಲ್ಲ. ವಾರವಿಡೀ ಲ್ಯಾಬಿನಲ್ಲಿ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಕೂರುವ ಮನುಷ್ಯ, ಶನಿವಾರ ಬಂತೆಂದರೆ ಬೆಳಿಗ್ಗೆ ಏಳಕ್ಕೇ ಯಾವುದಾದರೂ ಎಸ್ಟೇಟ್ ಸೇಲಿನ ಸಾಲಿನಲ್ಲಿ ಹಾಜರು. ತೀರಿಕೊಂಡವರ ಮನೆಯ ಸಾಮಾನೆಲ್ಲ ಮಾರಾಟಕ್ಕಿಟ್ಟ ಜಾಗ ಅದು. ಉಳಿದವರು ಸೋಫಾ, ಪಿಂಗಾಣಿ ಎಂದು ಮುಗಿಬಿದ್ದರೆ ಇವರು ನೆಟ್ಟಗೆ ಗ್ಯಾರೇಜಿಗೆ. ಹಳೇ ಗರಗಸ, ತುಕ್ಕು ಹಿಡಿದ ಬೈರಿಗೆ, ಹಿಡಿ ಕಿತ್ತುಹೋದ ಸುತ್ತಿಗೆ, ಏನು ಸಿಕ್ಕರೂ ತಂದು ಉಜ್ಜಿ, ಎಣ್ಣೆ ಹಚ್ಚಿ ಜೀವ ಕೊಡುತ್ತಿದ್ದರು. ಯಾರ ಮನೆಯ ದೇವರ ಮಂಟಪದ ಬಾಗಿಲು ಕಿತ್ತುಬಂದರೂ, ತುರಿಮಣೆಯ ಕಾಲು ಅಲುಗಿದರೂ ಫೋನು ಇವರಿಗೇ. ಕೆಲಸ ಮುಗಿಸಿ ಒಂದು ಲೋಟ ಕಾಫಿ ಕುಡಿದು ಎದ್ದು ಬರುತ್ತಿದ್ದರು, ಪುಣ್ಯಾತ್ಮ.

2004ರ ಬೇಸಿಗೆಯಲ್ಲಿ ಅವರ ತಲೆಗೆ ಹೊಕ್ಕಿದ್ದು ಚೆನ್ನೆಮಣೆ. ಹದಿನಾಲ್ಕು ಗುಳಿಗಳ ಮರದ ಹಲಗೆ, ಗುಳಿಗೆ ನಾಲ್ಕರಂತೆ ಬೀಜ ಹಾಕಿ ಆಡುವ ಆಟ. ಆಗಸ್ಟಿನಲ್ಲಿ ನಾರ್‌ಕ್ರಾಸ್‌ನಿಂದ ಬರುವ ಮೊಮ್ಮಗಳು ಅಕ್ಷಯಾಗೆ ಅದನ್ನು ಕೆತ್ತಿ ಕೊಡುತ್ತೇನೆಂದು ಫೋನಿನಲ್ಲಿ ಮಾತು ಕೊಟ್ಟುಬಿಟ್ಟಿದ್ದರು. ಚಪ್ಪಟೆ ಉಳಿಯಲ್ಲಿ ಗುಳಿ ತೋಡಲು ಹೋಗಿ ಎರಡು ಹಲಗೆ ಸೀಳಿದ್ದಾಯಿತು. ಬೇಕಾಗಿದ್ದು ಬಾಯಿ ದುಂಡಗಿರುವ ಉಳಿ.

"ಅಂಗಡಿಯಿಂದ ಹೊಸತು ತನ್ನಿ ಮಾರಾಯ್ರೆ, ಕಥೆ ಮುಗೀತದೆ" ಎಂದರು ಹೆಂಡತಿ ವಿನೋದಾ.

"ಹೊಸ ಉಳಿಗೆ ಬುದ್ಧಿ ಇರೋದಿಲ್ಲ ಮಾರಾಯ್ತಿ. ಯಾರಾದ್ರೂ ಪಳಗಿಸಿದ್ದೇ ಬೇಕು."

ವಿನೋದಾ ಹಣೆ ಚಚ್ಚಿಕೊಂಡರು. ಆದರೂ ಮುಂದಿನ ಶನಿವಾರ ಜೊತೆಗೇ ಹೊರಟರು.

ಅದು ಅರ್ನೆಸ್ಟೀನ್ ಎಂಬ ಎಪ್ಪತ್ತರ ಕರಿಯ ಹೆಂಗಸಿನ ಮನೆ. ಗಂಡ ತೀರಿಹೋಗಿದ್ದರು, ಆಕೆ ಮನೆ ಖಾಲಿ ಮಾಡಿ ಮಗಳ ಹತ್ತಿರ ಹೋಗುವವರಿದ್ದರು. ಗ್ಯಾರೇಜಿನ ಗೋಡೆಯುದ್ದಕ್ಕೂ ಮರದ ಬಾತುಕೋಳಿಗಳು. ಗಂಡ ಮೂವತ್ತು ವರ್ಷ ಕೂತು ಕೆತ್ತಿದ್ದು. ಅವುಗಳ ಕೆಳಗೆ ಬೆಂಚಿನ ಮೇಲೆ ಹನ್ನೊಂದು ಉಳಿಗಳು, ಎಲ್ಲಕ್ಕೂ ದುಂಡನೆಯ ಬಾಯಿ! ಐತಪ್ಪನವರು ಬೆಂಚಿನ ಮೇಲೆ ಬಗ್ಗಿ ಒಂದೊಂದನ್ನೂ ನೋಡತೊಡಗಿದರು.

"ಇವನ್ನು ಗೋಡೆಗೆ ತೂಗುಹಾಕುವವರಿಗೆ ಕೊಡುವುದಿಲ್ಲ" ಎಂದರು ಅರ್ನೆಸ್ಟೀನ್. "ನೀವು ಕೆತ್ತುತ್ತೀರಾ?"

ಐತಪ್ಪ ಚೆನ್ನೆಮಣೆಯ ಕಥೆ ಹೇಳಿದರು. ಕೇಳುತ್ತ ಕೇಳುತ್ತ ಆಕೆಯ ಮುಖ ಅರಳಿತು. ಅತ್ಯಂತ ಸವೆದ ಉಳಿಯೊಂದನ್ನು ಆರಿಸಿ, "ಇದು ಅವನಿಗೆ ಪ್ರಾಣ. ಹಿಡಿದು ನೋಡಿ" ಎಂದು ಚಾಚಿದರು.

ಐತಪ್ಪ ಥಟ್ಟನೆ ಕೈ ಹಿಂದೆಳೆದುಕೊಂಡರು. ಬೆಂಚಿನತ್ತ ಬೆರಳು ತೋರಿಸಿ, "ಅಲ್ಲಿಡಿ, ಅಲ್ಲಿಡಿ" ಎಂದರು.

ಅರಳಿದ ಮುಖ ಮುಚ್ಚಿಕೊಂಡಿತು. ಆಕೆ ಉಳಿಯನ್ನು ಬೆಂಚಿನ ಮೇಲಿಡಲಿಲ್ಲ. ಎದೆಗೆ ಒತ್ತಿಕೊಂಡರು.

"ನಾನು ಹುಟ್ಟಿದ್ದು ಸೌತ್ ಕೆರೊಲೈನಾದಲ್ಲಿ" ಎಂದರು ಮೆಲ್ಲಗೆ. "ಬಿಳಿಯ ಅಂಗಡಿಯವನು ನನ್ನ ಕೈಯಿಂದ ಕಾಸು ತೆಗೆದುಕೊಳ್ಳುತ್ತಿರಲಿಲ್ಲ. ಅಲ್ಲಿಡು ಅನ್ನುತ್ತಿದ್ದ. ಹೀಗೇ, ಬೆರಳು ತೋರಿಸಿ. ಇವು ಮಾರಾಟಕ್ಕಿಲ್ಲ. ನೀವಿನ್ನು ಹೊರಡಬಹುದು."

ಐತಪ್ಪನವರಿಗೆ ಆಗ ಹೊಳೆಯಿತು. ಛೇ! ಕತ್ತಿ, ಉಪ್ಪು, ಮೆಣಸು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆಂದು ಅಮ್ಮ ಕಲಿಸಿದ ಪಾಠ. ಐವತ್ತೆಂಟು ವರ್ಷದಿಂದ ಕೈಗೆ ಅದೇ ಅಭ್ಯಾಸ. ವಿನೋದಾ ಚೂರಿ ಕೊಡುವುದೂ ಕೆಳಗಿಟ್ಟೇ. ಆದರೆ ಅರ್ನೆಸ್ಟೀನ್‌ಗೆ ಕಂಡದ್ದೇನು? ಬೊಗಸೆಯೊಡ್ಡಿ ನಿಂತ ತನ್ನ ಅಜ್ಜನಿಗೆ ದೊಡ್ಡ ಮನೆಯವರು ಎತ್ತರದಿಂದ ನೀರು ಹೊಯ್ಯುತ್ತಿದ್ದುದನ್ನು ಕಣ್ಣಾರೆ ಕಂಡವರು ಐತಪ್ಪ. ಅಂಥವನ ಮೊಮ್ಮಗ ತಾನು ಈ ಹೆಂಗಸಿಗೆ ಇದನ್ನು ಮಾಡಿದೆನಲ್ಲ ಎಂದು ಕಣ್ಣು ತುಂಬಿತು.

"ಎಂಥದ್ದು ಮಾಡಿಬಿಟ್ರಿ ನೀವು?" ವಿನೋದಾ ಪಿಸುಗುಟ್ಟಿದರು. "ಬನ್ನಿ, ಹೋಗುವ."

"ಇಲ್ಲ. ಉಳಿ ಹೋದ್ರೆ ಹಾಳಾಗಿ ಹೋಗಲಿ. ಇವರು ಹೀಗಂದುಕೊಂಡು ಇರಬಾರದು."

ಬೇರೆ ಯಾರಾದರೂ ಮುಖ ಮುಚ್ಚಿಕೊಂಡು ಕಾರು ಹತ್ತುತ್ತಿದ್ದರು. ಈ ಹಟಮಾರಿ ನಿಂತರು. ತಡವರಿಸುವ ಇಂಗ್ಲಿಷಿನಲ್ಲಿ ಅಮ್ಮನ ಪಾಠವನ್ನೂ ಹೇಳಿದರು, ಅಜ್ಜನ ಬೊಗಸೆಯನ್ನೂ ಹೇಳಿದರು. ಒಂದನ್ನೂ ಮುಚ್ಚಿಡಲಿಲ್ಲ. ಅಜ್ಜನ ಕಥೆಯನ್ನು ಈ ಊರಲ್ಲಿ ಅವರು ಯಾರಿಗೂ ಹೇಳಿದವರಲ್ಲ.

ಅರ್ನೆಸ್ಟೀನ್ ಎದೆಗೊತ್ತಿಕೊಂಡಿದ್ದ ಉಳಿಯನ್ನು ತುಸು ಕೆಳಗಿಳಿಸಿದರು.

"ಕೈಗೆ ಕೊಟ್ಟರೆ ನಿಮಗೂ ನನಗೂ ಜಗಳವೋ?"

"ಹಾಗಂತ ನಂಬಿಕೆ."

"ಕೊಡದೆಯೂ ಆಯಿತಲ್ಲ!"

ವಿನೋದಾಗೆ ನಗು ತಡೆಯಲಾಗಲಿಲ್ಲ. ಐತಪ್ಪ ಕಣ್ಣೊರೆಸಿಕೊಂಡು, ಎರಡು ಹೆಜ್ಜೆ ಮುಂದೆ ಬಂದು, ಎರಡೂ ಕೈ ಚಾಚಿದರು.

"ಆದದ್ದು ಆಯ್ತು. ಇನ್ನು ಹೆದರಿಕೆ ಏನು? ಕೊಡಿ."

ಆಕೆ ಕೊಟ್ಟರು. ಪಕ್ಕದಲ್ಲೇ ಉಳಿಗಳ ಮರದ ಪೆಟ್ಟಿಗೆ ಇತ್ತು, ಎಲ್ಲವನ್ನೂ ತುಂಬಿ ಒಮ್ಮೆಗೇ ಕೊಡಬಹುದಿತ್ತು. ಆಕೆ ಪೆಟ್ಟಿಗೆಯನ್ನು ಮುಟ್ಟಲಿಲ್ಲ. ಹನ್ನೊಂದನ್ನೂ ಒಂದೊಂದಾಗಿ ಅವರ ಕೈಗೇ ಇಟ್ಟರು, ಐತಪ್ಪ ಒಂದೊಂದನ್ನೂ ಆಕೆಯ ಕೈಯಿಂದಲೇ ತೆಗೆದುಕೊಂಡರು.